ಟಿವಿ ನೋಡಿ ತರಿಸಿದ ವಾಚು: ಮೂರು ವರ್ಷ ಕಟ್ಟಿದ ಮೇಲೆ

ಅಪ್ಪನಿಗೆ ಅಂತ ತರಿಸಿದ ವಾಚು ಇದು. ಅವರು ಕೆಲಸದಿಂದ ನಿವೃತ್ತರಾದ ವಾರ, ಟಿವಿಯ ಶಾಪಿಂಗ್ ಚಾನೆಲ್‌ನಲ್ಲಿ ನೋಡಿ, ಫೋನ್ ಮಾಡಿ ತರಿಸಿದ್ದೆ. ಚಿನ್ನದ ಬಣ್ಣದ ಚೈನು, ದೊಡ್ಡ ಡಯಲ್, ಅದರೊಳಗೆ ಮೂರು ಪುಟ್ಟ ಡಯಲ್‌ಗಳು. ಡಬ್ಬಿ ಬಿಚ್ಚಿದ ದಿನ ಅಪ್ಪ ಕಟ್ಟಿಕೊಂಡು, ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವತ್ತೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಬಹಳ ಜನ ಹಾಗೇ ಬರೆಯುತ್ತಾರೆ, ಅವರು ಸುಳ್ಳು ಹೇಳುವುದಿಲ್ಲ. ಆದರೆ ವಾಚು ದಿನಾ ಬೆವರು, ನೀರು, ಧೂಳು ನೋಡುವ ವಸ್ತು. ಮೊದಲ ವಾರದಲ್ಲಿ ಅದರ ಗುಣ ಗೊತ್ತಾಗುವುದೇ ಇಲ್ಲ.

ಚಾನೆಲ್ ಹೆಸರು, ವಾಚಿನ ಹೆಸರು ಬರೆಯುತ್ತಿಲ್ಲ. ಆಮೇಲೆ ಬೇರೆ ಬೇರೆ ಚಾನೆಲ್‌ಗಳಲ್ಲೂ ಇವೇ ಮಾತು ಕೇಳಿದ್ದೇನೆ. ಆ ಮಾತುಗಳ ಬಗ್ಗೆ ಬರೆದರೆ ಜಾಸ್ತಿ ಉಪಯೋಗ ಅನ್ನಿಸಿತು.

ಮೊದಲು ನೀರಿನ ವಿಷಯ ಹೇಳುತ್ತೇನೆ. ನಮಗೆ ಏಟು ಬಿದ್ದಿದ್ದೇ ಅಲ್ಲಿ.

ಕಾರ್ಯಕ್ರಮದಲ್ಲಿ ವಾಚನ್ನು ಗಾಜಿನ ಬೋಗುಣಿಯ ನೀರಲ್ಲಿ ಮುಳುಗಿಸಿ ಇಟ್ಟಿದ್ದರು. ಅರ್ಧ ಗಂಟೆಯೂ ಅದು ಅಲ್ಲೇ ಇತ್ತು, ಮುಳ್ಳು ಓಡುತ್ತಲೇ ಇತ್ತು. "30 ಮೀಟರ್ ಆಳದವರೆಗೆ ಏನೂ ಆಗಲ್ಲ" ಅಂದರು. ಅಪ್ಪ ಆ ಮಾತು ನಂಬಿ ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಒಂಬತ್ತನೇ ತಿಂಗಳಲ್ಲಿ ಒಂದು ಬೆಳಗ್ಗೆ, "ಇಲ್ನೋಡು, ಒಳಗೆ ಮಂಜು ಕೂತಿದೆ" ಅಂದರು. ಗಾಜಿನ ಒಳಮೈ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು. ಮಧ್ಯಾಹ್ನಕ್ಕೆ ಆರಿದವು, ಮರುದಿನ ಮತ್ತೆ ಬಂದವು. ನಾಲ್ಕು ದಿನಕ್ಕೆ ವಾಚು ನಿಂತಿತು.

ವಾಚಿನ ಮೇಲೆ ಬರೆಯುವ 30 ಮೀಟರ್ ಅಂದರೆ ಅಷ್ಟು ಆಳಕ್ಕೆ ಇಳಿಯಬಹುದು ಅಂತ ಅರ್ಥ ಅಲ್ಲ. ಅಷ್ಟು ನೀರಿನ ಒತ್ತಡವನ್ನು, ಅಂದರೆ ಒತ್ತಡ ಅಳೆಯುವ ಬಾರ್ ಲೆಕ್ಕದಲ್ಲಿ ಸುಮಾರು 3 ಬಾರ್ ಅನ್ನು, ಹೊಸ ವಾಚು ಅಲುಗಾಡದೆ ಇದ್ದಾಗ ಸ್ವಲ್ಪ ಹೊತ್ತು ತಡೆಯುತ್ತದೆ ಅಂತ ಮಾತ್ರ. ದಿನದ ಬಳಕೆಯಲ್ಲಿ ಅದರ ಅರ್ಥ ಇಷ್ಟೇ: ಕೈ ತೊಳೆಯುವಾಗ ನೀರು ಸಿಡಿದರೆ, ನಾಲ್ಕು ಹನಿ ಮಳೆ ಬಿದ್ದರೆ ಚಿಂತೆ ಇಲ್ಲ. ಈಜುವುದಕ್ಕೆ 100 ಮೀಟರ್ ಅಂತ ಬರೆದಿರುವುದು ಬೇಕು. ನೀರಿಗೆ ಧುಮುಕಿ ಆಳಕ್ಕೆ ಹೋಗುವವರ ವಾಚಿಗೆ ಬೇರೆಯದೇ ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 6425. ಅದರ ಪ್ರಕಾರ ವಾಚಿನ ಮೇಲೆ ಬರೆದ ಒತ್ತಡಕ್ಕಿಂತ ಕಾಲು ಭಾಗ ಹೆಚ್ಚು ಒತ್ತಡ ಹಾಕಿ ಪರೀಕ್ಷಿಸುತ್ತಾರೆ. ಬಿಸಿನೀರು, ಸೋಪು, ಹಬೆ ಇವು ಮೂರೂ ಮುಚ್ಚಳದ ಒಳಗಿನ ರಬ್ಬರ್ ರಿಂಗಿಗೆ ಆಗದ ವಸ್ತುಗಳು. ಹೊಸದಾಗಿದ್ದಾಗ ಸರಿಯಾಗಿದ್ದ ರಿಂಗು ಕಾಲಕ್ರಮೇಣ ಗಟ್ಟಿಯಾಗಿ ಸಡಿಲ ಬಿಡುತ್ತದೆ.

ಇನ್ನು ಆ ಬೋಗುಣಿ. 10 ಮೀಟರ್ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಬೋಗುಣಿಯಲ್ಲಿ ಇದ್ದದ್ದು ಒಂದು ಗೇಣು ನೀರು. ಅದರ ಒತ್ತಡ ಒಂದು ಬಾರಿನ ಐವತ್ತನೇ ಒಂದು ಭಾಗ! ಹೊಸ ರಿಂಗು ಇರುವ ಎಂಥ ಅಗ್ಗದ ವಾಚೂ ಅದರಲ್ಲಿ ಅರ್ಧ ಗಂಟೆ ನಡೆಯುತ್ತದೆ. ತೋರಿಸಿದ್ದು ನಿಜ. ಆದರೆ ಅದರಿಂದ ಈ ವಾಚಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಇದು ಹೊಳೆದ ಮೇಲೆ ಉಳಿದ ಪ್ರದರ್ಶನಗಳೂ ನನಗೆ ಬೇರೆ ಥರ ಕಾಣತೊಡಗಿದವು.

ಗಾಜನ್ನೇ ತಗೊಳ್ಳಿ. ಬೀಗದ ಕೈಯಿಂದ, ನಾಣ್ಯದಿಂದ ಗಾಜಿನ ಮೇಲೆ ಕರಕರ ಅಂತ ಉಜ್ಜಿದರು. ಕ್ಯಾಮೆರಾ ಹತ್ತಿರ ತಂದು, ಒಂದು ಗೆರೆ ಕೂಡ ಇಲ್ಲ ನೋಡಿ ಅಂದರು. ಹೌದು, ಇರಲಿಲ್ಲ. ಹಿತ್ತಾಳೆಯ ಕೀಲಿ, ನಾಣ್ಯದ ಲೋಹ ಎಲ್ಲ ಗಾಜಿಗಿಂತ ಮೆತ್ತಗೆ. ಮನೆಯ ಕಿಟಕಿ ಗಾಜಿನ ಮೇಲೆ ಉಜ್ಜಿದರೂ ಗೆರೆ ಬೀಳಲ್ಲ. ವಾಚಿನ ಗಾಜಿಗೆ ಗೆರೆ ಹಾಕುವುದು ಧೂಳಿನಲ್ಲಿರುವ ಮರಳು. ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ನೀಲಮಣಿಗೆ 9, ಮರಳಿನ ಸ್ಫಟಿಕಕ್ಕೆ 7. ಮಾಮೂಲಿ ಗಾಜು ಅದಕ್ಕಿಂತ ಕೆಳಗೆ. ಹಾಗಾಗಿ ನೀಲಮಣಿ ಗಾಜಿನ ವಾಚು, ಅಂದರೆ ಸಫೈರ್ ಗಾಜಿನದು, ವರ್ಷಗಟ್ಟಲೆ ಹೊಸದರ ಹಾಗೇ ಇರುತ್ತದೆ. ನಮ್ಮದರ ಬಗ್ಗೆ ಅವರು ಹೇಳಿದ ಪದ "ಸಫೈರ್ ಕೋಟೆಡ್". ನನ್ನ ಕಿವಿಗೆ ಬಿದ್ದದ್ದು ಸಫೈರ್ ಒಂದೇ. ಕೋಟೆಡ್ ಅಂದರೆ ಮಾಮೂಲಿ ಗಾಜಿನ ಮೇಲೆ ತೆಳುವಾದ ಲೇಪ. ಎರಡನೇ ವರ್ಷಕ್ಕೆ ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೆರೆಗಳು, ಅದರಲ್ಲೂ ಆರರ ಅಂಕಿಯ ಹತ್ತಿರ ಜಾಸ್ತಿ. ಅಪ್ಪ ಮೇಜಿನ ಮೇಲೆ ಕೈ ಊರಿ ಪೇಪರ್ ಓದುವ ಕಡೆ ಅದು.

ವಾಚು ನಿಂತಾಗ ರಿಪೇರಿಯವರ ಹತ್ತಿರ ಹೋದೆವು. ಹಿರಿಯರು. ಒಂದು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ವಾಚನ್ನು ಬೋರಲು ಹಾಕಿ, ಮುಚ್ಚಳದ ಅಂಚಿಗೆ ಚಾಕು ಕೊಟ್ಟು ಟಪ್ ಅಂತ ಎಬ್ಬಿಸಿದರು. ನಾನು ಇಣುಕಿ ನೋಡಿದೆ. ಅಷ್ಟು ದೊಡ್ಡ ವಾಚಿನ ನಡುವೆ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದೊಂದು ಯಂತ್ರ. ಸುತ್ತ ಉಳಿದ ಜಾಗಕ್ಕೆಲ್ಲ ಬಿಳಿ ಪ್ಲಾಸ್ಟಿಕ್ ಬಳೆ ತುಂಬಿದ್ದರು. ಸೆಲ್ಲಿನ ಅಂಚಿನಲ್ಲಿ ಹಸಿರು ಪುಡಿ. ರಬ್ಬರ್ ರಿಂಗು ಒಂದು ಕಡೆ ತಿರುಚಿಕೊಂಡು ಕೂತಿತ್ತು. ಅವರು ಅದನ್ನು ಚಿಮುಟದಲ್ಲಿ ಎತ್ತಿ ತೋರಿಸಿ, "ಸರ್, ಇದು ಮೊದಲಿಂದಲೂ ಸರಿಯಾಗಿ ಕೂತಿರಲಿಲ್ಲ" ಅಂದರು.

ಆಮೇಲೆ ಮುಚ್ಚಳ ತಿರುಗಿಸಿ ಹಿಂದಿನ ಅಕ್ಷರ ಓದಲು ಹೇಳಿದರು. ಒಂಬತ್ತು ತಿಂಗಳು ಮನೆಯಲ್ಲಿದ್ದ ವಾಚು, ನಾನು ಒಂದು ಸಲವೂ ಓದಿರಲಿಲ್ಲ. "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಅಂತ ಕೊರೆದಿತ್ತು. ಟಿವಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅಂತ ಹತ್ತು ಸಲ ಹೇಳಿದ್ದರು. ಉಕ್ಕು ಇದ್ದದ್ದು ಹಿಂದಿನ ಮುಚ್ಚಳಕ್ಕೆ ಮಾತ್ರ. ಒಡಲು, ಗಾಜಿನ ಸುತ್ತಿನ ಬಳೆ, ಎಲ್ಲ ಕಡಿಮೆ ಬೆಲೆಯ ಮಿಶ್ರಲೋಹ. ಪೂರ್ತಿ ಉಕ್ಕಿನದಾದರೆ ಹಿಂದೆ "ಆಲ್ ಸ್ಟೇನ್‌ಲೆಸ್ ಸ್ಟೀಲ್" ಅಂತಲೋ, ಸುಮ್ನೆ "ಸ್ಟೇನ್‌ಲೆಸ್ ಸ್ಟೀಲ್" ಅಂತಲೋ ಇರುತ್ತದೆ. ಬ್ಯಾಕ್ ಅನ್ನುವ ಒಂದು ಪದ ಸೇರಿದರೆ ಅರ್ಥವೇ ಬೇರೆ. ಮನೆಯಲ್ಲಿ ವಾಚು ಇದ್ದರೆ ಈಗಲೇ ತಿರುಗಿಸಿ ಓದಿ ನೋಡಿ.

ಚಿನ್ನದ ವಿಷಯ ನನಗೆ ತುಂಬ ಬೇಜಾರು ತಂದಿತು. "24 ಕ್ಯಾರೆಟ್ ಚಿನ್ನದ ಲೇಪ" ಅಂದಿದ್ದರು. ಕ್ಯಾರೆಟ್ ಹೇಳುವುದು ಚಿನ್ನ ಎಷ್ಟು ಶುದ್ಧ ಅನ್ನುವುದನ್ನು. 24 ಅಂದರೆ ಬೆರಕೆ ಇಲ್ಲದ್ದು, 18 ಅಂದರೆ ನೂರಕ್ಕೆ 75 ಭಾಗ. ಎಷ್ಟು ಚಿನ್ನ ಇದೆ ಅನ್ನುವುದು ಅದರಲ್ಲಿ ಬರುವುದೇ ಇಲ್ಲ. ಅದಕ್ಕೆ ಲೇಪದ ದಪ್ಪ ಕೇಳಬೇಕು, ಮೈಕ್ರಾನ್ ಲೆಕ್ಕದಲ್ಲಿ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಹಳೆಯ ಒಳ್ಳೆಯ ವಾಚುಗಳಿಗೆ 10, 20 ಮೈಕ್ರಾನ್ ಹಾಕಿ ಅದನ್ನು ಹಿಂದೆ ಕೊರೆದೂ ಇಡುತ್ತಿದ್ದರು. ಅಂಥವು ದಶಕಗಟ್ಟಲೆ ಬಣ್ಣ ಬಿಟ್ಟಿಲ್ಲ. ಅಗ್ಗದ ವಾಚಿನ ಲೇಪ ಒಂದು ಮೈಕ್ರಾನೂ ಇರುವುದಿಲ್ಲ. ನಮ್ಮದಕ್ಕೆ ಏಳನೇ ತಿಂಗಳಲ್ಲಿ ಚೈನಿನ ಕೊಂಡಿಯ ಅಂಚು ಬೆಳ್ಳಗಾಯಿತು. ವರ್ಷ ತುಂಬುವಷ್ಟರಲ್ಲಿ ಚೈನು ಒಡಲಿಗೆ ಸೇರುವ ಮೂಲೆಗಳಲ್ಲಿ ಒಳಗಿನ ಲೋಹ ಕಂಡಿತು. ಅದು ಕಂಡ ಮೇಲೆ ಅಪ್ಪನ ಮಣಿಕಟ್ಟು ತುರಿಸಲು ಶುರುವಾಯಿತು, ಬೆವರಿದ ದಿನ ಕೆಂಪಗೆ ಪಟ್ಟಿ ಏಳುತ್ತಿತ್ತು. ಅಗ್ಗದ ಮಿಶ್ರಲೋಹದಲ್ಲಿ, ಲೇಪದ ಕೆಳಗಿನ ಪದರದಲ್ಲಿ ನಿಕ್ಕಲ್ ಇರುವುದುಂಟು. ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ಅಪ್ಪ ಎರಡು ತಿಂಗಳು ನನಗೆ ಹೇಳದೆ ಅದರ ಮೇಲೆ ಎಣ್ಣೆ ಸವರಿಕೊಳ್ಳುತ್ತಿದ್ದರು, ನಾನು ಕೊಟ್ಟಿದ್ದು ಅಂತ. ಗೊತ್ತಾದಾಗ ನನಗೆ ತಡೆಯಲಾಗಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಸಮಯದಲ್ಲಿ ವಾಚು ಮೋಸ ಮಾಡಲಿಲ್ಲ. ತಿಂಗಳಿಗೆ ಸುಮಾರು ಒಂಬತ್ತು ಸೆಕೆಂಡ್ ಮುಂದೆ ಓಡುತ್ತಿತ್ತು, ಅಷ್ಟೇ. ಆದರೆ ಟಿವಿಯಲ್ಲಿ ಇದನ್ನೇ ದೊಡ್ಡ ಪವಾಡದ ಹಾಗೆ ಹೇಳಿದ್ದರು. ಸೆಲ್ ಹಾಕುವ ಕ್ವಾರ್ಟ್ಜ್ ವಾಚಿನ ಒಳಗೆ ಸೆಕೆಂಡಿಗೆ 32,768 ಸಲ ಅದುರುವ ಸ್ಫಟಿಕದ ತುಣುಕು ಇರುತ್ತದೆ. ಜಪಾನಿನ ಸೀಕೋ ಕಂಪನಿಯ ಆಸ್ಟ್ರಾನ್, ಕೈಗೆ ಕಟ್ಟುವ ಮೊದಲ ಕ್ವಾರ್ಟ್ಜ್ ವಾಚು, 1969ರ ಡಿಸೆಂಬರ್ 25ರಂದು ಮಾರಾಟಕ್ಕೆ ಬಂದಾಗ ಅಷ್ಟು ನಿಖರ ಸಮಯ ನಿಜವಾಗಿ ಅಚ್ಚರಿಯೇ. ಈಗ ಅಗ್ಗದ ಕ್ವಾರ್ಟ್ಜ್ ವಾಚೂ ಸಾಮಾನ್ಯವಾಗಿ ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡ್ ಆಚೀಚೆ ಸಮಯ ತೋರಿಸುತ್ತದೆ.

ಮೂರು ಪುಟ್ಟ ಡಯಲ್‌ಗಳ ಕಥೆ ಚಿಕ್ಕದು. "ಕ್ರೋನೋಗ್ರಾಫ್ ಸ್ಟೈಲ್" ಅಂದಿದ್ದರು. ಕ್ರೋನೋಗ್ರಾಫ್ ಅಂದರೆ ಗುಂಡಿ ಒತ್ತಿ ಹೊತ್ತು ಅಳೆಯುವ ವಾಚು. ನಮ್ಮದರಲ್ಲಿ ಒಂದು ವಾರ, ಒಂದು ತಾರೀಖು, ಇನ್ನೊಂದು 24 ಗಂಟೆ ತೋರಿಸುತ್ತದೆ. ಪಕ್ಕದ ಗುಂಡಿಗಳು ವಾರ, ತಾರೀಖು ಬದಲಿಸಲು. ಸ್ಟೈಲ್ ಅನ್ನುವ ಪದ ಎಲ್ಲಿ ಕೇಳಿದರೂ ಆ ಗುಣ ಅದರಲ್ಲಿ ಇಲ್ಲ ಅಂತ ತಿಳಿದುಕೊಳ್ಳಿ. ಮಾತಿನ ಓಟದಲ್ಲಿ ಅವರು ಇದನ್ನೇ ಎರಡು ಸಲ ಕ್ರೋನೋಮೀಟರ್ ಅಂತಲೂ ಅಂದರು. ಅದು ಪೂರ್ತಿ ಬೇರೆ. ಸ್ವಿಸ್ ಸಂಸ್ಥೆ ಸಿಒಎಸ್‌ಸಿ ಯಾಂತ್ರಿಕ ವಾಚಿನ ಯಂತ್ರವನ್ನು 15 ದಿನ, 5 ಭಂಗಿಗಳಲ್ಲಿ, 3 ಬಗೆಯ ಉಷ್ಣತೆಯಲ್ಲಿ ಪರೀಕ್ಷಿಸಿ, ಸರಾಸರಿಯಲ್ಲಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಮೀರದಿದ್ದರೆ ಆ ಹೆಸರಿನ ಪ್ರಮಾಣಪತ್ರ ಕೊಡುತ್ತದೆ.

ಸ್ವಿಸ್ ಅಂದ ಕೂಡಲೇ ನೆನಪಾಯಿತು. ನಮ್ಮದಕ್ಕೆ ಹೇಳಿದ್ದು "ಸ್ವಿಸ್ ಪಾರ್ಟ್ಸ್". ಡಯಲ್ ಮೇಲೆ "ಸ್ವಿಸ್ ಮೇಡ್" ಅಂತ ಹಾಕಲು ಆ ದೇಶದ ನಿಯಮ ಇದೆ. 2017ರಿಂದ, ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ ನೂರಕ್ಕೆ 60 ಭಾಗ ಅಲ್ಲೇ ಆಗಿರಬೇಕು. ಯಂತ್ರ ಸ್ವಿಸ್ ಇರಬೇಕು, ಅದನ್ನು ಒಡಲಿಗೆ ಕೂರಿಸುವುದು, ಕೊನೆಯ ತಪಾಸಣೆ ಎರಡೂ ಅಲ್ಲೇ ನಡೆಯಬೇಕು. "ಸ್ವಿಸ್ ಮೂವ್‌ಮೆಂಟ್" ಅಂದರೆ ಒಳಗಿನ ಯಂತ್ರ ಮಾತ್ರ. "ಪಾರ್ಟ್ಸ್" ಅಂದರೆ ಕೆಲವು ಬಿಡಿಭಾಗಗಳು. ಕೇಳುವವರಿಗೆ ಮೂರೂ ಒಂದೇ ಥರ ಕೇಳಿಸುತ್ತವೆ ಅಲ್ವಾ?

ಈ ಮೂರು ವರ್ಷದಲ್ಲಿ ಇಂಥ ಕಾರ್ಯಕ್ರಮಗಳನ್ನು ಕಾಗದ ಪೆನ್ನು ಹಿಡಿದು ಕೂತು ನೋಡಿದ್ದೇನೆ. ಒಂದರಲ್ಲಿ ಡಯಲ್‌ಗೆ ತೂತು ಮಾಡಿ, ಒಳಗೆ ಅತ್ತಿತ್ತ ಆಡುವ ಚಕ್ರ ತೋರಿಸಿ, ಅದನ್ನು ಟೂರ್ಬಿಯಾನ್ ಅಂದರು. ಟೂರ್ಬಿಯಾನ್‌ಗೆ ವಾಚು ತಯಾರಕ ಬ್ರೆಗೆ 1801ರಲ್ಲಿ ಪೇಟೆಂಟ್ ಪಡೆದರು. ಅದರಲ್ಲಿ ಆ ಚಕ್ರ ಕೂತಿರುವ ಪಂಜರವೇ ಪೂರ್ತಿ ಸುತ್ತು ಹೊಡೆಯುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ ಒಂದು ಸುತ್ತು. ಪಂಜರ ಸುತ್ತದಿದ್ದರೆ ಅದು ಬರೀ ತೂತು. ಇನ್ನೊಂದರಲ್ಲಿ "21 ಮಾಣಿಕ್ಯಗಳು" ಅಂತ ಒಡವೆಯ ಲೆಕ್ಕದಲ್ಲಿ ಹೇಳಿದರು. ಅವು ಯಂತ್ರದ ತಿರುಗುವ ಕಡೆಗಳಲ್ಲಿ ಸವೆತ ತಡೆಯಲು ಕೂರಿಸುವ ಕಾರ್ಖಾನೆ ಕಲ್ಲುಗಳು, ಕೈ ಆಡಿದ ಹಾಗೆ ತಾನೇ ಕೀಲಿ ಸುತ್ತಿಕೊಳ್ಳುವ ಮಾಮೂಲಿ ಆಟೋಮ್ಯಾಟಿಕ್ ವಾಚಿನಲ್ಲೂ ಅಷ್ಟೇ ಇರುತ್ತವೆ. ಹಾಗೇ, ಪರದೆಯ ಮೂಲೆಯಲ್ಲಿ ಇಳಿಯುವ ಗಡಿಯಾರ, "ಇನ್ನು ಹನ್ನೆರಡೇ ಉಳಿದಿವೆ" ಅನ್ನುವ ಕೂಗು. ಅದೇ ಕಾರ್ಯಕ್ರಮ ಮುಂದಿನ ವಾರ ಮತ್ತೆ ಬಂತು, ಅದೇ ಜಾಗದಲ್ಲಿ ಹನ್ನೆರಡೇ ಉಳಿದಿದ್ದವು.

ಟಿವಿಯಲ್ಲಿ ಹೇಳಿದ್ದ ಜೀವಮಾನದ ಗ್ಯಾರಂಟಿ ನಮಗೆ ಕೆಲಸಕ್ಕೆ ಬರಲಿಲ್ಲ. ಅದು ಯಂತ್ರಕ್ಕೆ ಮಾತ್ರವಂತೆ. ಸೆಲ್, ಗಾಜು, ಚೈನು, ಬಣ್ಣ, ನೀರು ಹೋಗಿದ್ದು ಯಾವುದೂ ಸೇರಲ್ಲ. ಕಳಿಸಿ ತರಿಸುವ ಖರ್ಚೂ ನಮ್ಮದೇ.

ಜಗಳ ಮಾಡೋಣ ಅಂತ ಬಿಲ್ಲು ತೆಗೆದೆ. ಅದರಲ್ಲಿ ಚಿನ್ನ ಇಲ್ಲ, ಸಫೈರ್ ಇಲ್ಲ, ಸ್ವಿಸ್ ಇಲ್ಲ. "ಗಂಡಸರ ಫ್ಯಾಷನ್ ವಾಚು, ಚಿನ್ನದ ಬಣ್ಣ, ಒಂದು" ಅಂತ ಮಾತ್ರ ಇತ್ತು. ಟಿವಿಯಲ್ಲಿ ಆಡಿದ ಮಾತಿಗೆ ನನ್ನ ಹತ್ತಿರ ದಾಖಲೆಯೇ ಇರಲಿಲ್ಲ. ನೀವು ತರಿಸುವುದಾದರೆ ಆ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಹಿಡಿದಿಡಿ. ಫೋನಿನಲ್ಲಿ ಒಡಲು ಯಾವ ಲೋಹ, ಲೇಪ ಎಷ್ಟು ಮೈಕ್ರಾನ್, ಗಾಜು ಪೂರ್ತಿ ಸಫೈರಾ, ಎಷ್ಟು ಮೀಟರ್ ಅಂತ ಕೇಳಿ, ಅದನ್ನೇ ಬಿಲ್ಲಿನಲ್ಲಿ ಬರೆದುಕೊಡಿ ಅನ್ನಿ. ಹೋದ ತಿಂಗಳು ಬೇರೊಂದು ವಾಚಿಗೆ ನಾನು ಹಾಗೆ ಕೇಳಿದೆ. ಆ ಕಡೆಯ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಲ್ಲಿನಲ್ಲಿ ಅಷ್ಟೆಲ್ಲ ಬರಲ್ಲ ಸರ್" ಅಂದಳು. ನಾನು ತರಿಸಲಿಲ್ಲ.

ಐದಕ್ಕೆ ಒಂದೂವರೆ ಕೊಡುತ್ತೇನೆ, ಅದೂ ಸಮಯ ಸರಿಯಾಗಿ ತೋರಿಸಿದ್ದಕ್ಕೆ. ರಿಪೇರಿಯವರು ಯಂತ್ರ, ರಿಂಗು ಎರಡನ್ನೂ ಬದಲಿಸಿದ ಮೇಲೆ ವಾಚು ಇವತ್ತಿಗೂ ನಡೆಯುತ್ತಿದೆ. ಕೈಗೆ ಕಟ್ಟುವ ಹಾಗಿಲ್ಲ, ಅಪ್ಪನ ಮಂಚದ ಪಕ್ಕ ಮೇಜಿನ ಮೇಲೆ ಇಟ್ಟಿದ್ದಾರೆ. ಕೈಯಲ್ಲಿ ಈಗ ಬೇರೆ ವಾಚು ಇದೆ, ಹೊಳಪಿಲ್ಲದ ಸಾದಾ ಉಕ್ಕಿನದು. ಸ್ನಾನಕ್ಕೆ ಹೋಗುವಾಗ ಅದನ್ನು ಬಿಚ್ಚಿ ಹಳೆಯದರ ಪಕ್ಕ ಇಡುತ್ತಾರೆ.