ಆಚಾರ್ರ ಕುಲುಮೆಯ ಎಳನೀರು ಮಚ್ಚು: 4 ತಿಂಗಳಾದ ಮೇಲೆ

ಮದ್ದೂರಿನ ಹತ್ತಿರ ಹೆದ್ದಾರಿ ಬದಿಯಲ್ಲಿ ಎಳನೀರು ಮಾರುತ್ತೇನೆ. ದಿನಕ್ಕೆ 150 ಕಾಯಿ ಕೆತ್ತುತ್ತೇನೆ, ಭಾನುವಾರ ಇನ್ನೂ ಜಾಸ್ತಿ.

ಹೋದ ವರ್ಷ ಅಂಗಡಿಯೊಂದರಿಂದ ತಂದ ಮಚ್ಚು ನೋಡೋಕೆ ಫಳಫಳ ಅಂತಿತ್ತು. ಮೂರನೇ ವಾರ ಬಲಿತ ಕಾಯಿಗೆ ಹೊಡೆದಾಗ ಮಚ್ಚಿನ ಬಾಯಿಂದ ಉಗುರಿನಷ್ಟು ಚೂರು ಹಾರಿತು. ಎಲ್ಲಿ ಬಿತ್ತೋ ಕಾಣಲಿಲ್ಲ. ಆ ಕಾಯಿ ಎಸೆದು ಗಿರಾಕಿಗೆ ಬೇರೆ ಕೊಟ್ಟೆ. ಕುಡಿಯುವವರ ಗಂಟಲಿನ ವಿಷಯ, ಅಲ್ವಾ? ಅದಕ್ಕೂ ಮುಂಚಿನ ಮಚ್ಚು ತೀರಾ ಮೆತ್ತಗೆ, ಮಧ್ಯಾಹ್ನದೊಳಗೆ ಬಾಯಿ ಮಡಚಿಕೊಳ್ಳುತ್ತಿತ್ತು.

ಆಮೇಲೆ ನಮ್ಮ ತಾಲ್ಲೂಕಿನದೇ ಒಂದು ಹಳ್ಳಿಯ ಕುಲುಮೆಗೆ ಹೋದೆ. ಬೋರ್ಡಿಲ್ಲ, ಹುಣಸೆಮರದ ಕೆಳಗೆ ತಗಡಿನ ಶೆಡ್ಡು. ಆಚಾರ್ರು ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು, "ನೋಡಪ್ಪ, ಸಕ್ಕರೆ ಹರಳು ಥರ ಐತೆ. ವಿಪರೀತ ಕಾಸವ್ರೆ, ಹದಾನೂ ಇಳಿಸಿಲ್ಲ" ಅಂದರು. ಸರಿಯಾಗಿ ಕಾಸಿದ ಉಕ್ಕು ಮುರಿದರೆ ಒಳಗೆ ಬೂದಿ ಬಣ್ಣ, ನುಣ್ಣಗೆ ಇರಬೇಕಂತೆ.

ನನಗೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಕೊಟ್ಟರು. ಅದರಲ್ಲಿ ಇಂಗಾಲ ಶೇ. 0.6ರ ಆಸುಪಾಸು ಇರುವುದರಿಂದ ಹದ ಹಿಡಿಯುತ್ತದೆ. ಕಿಟಕಿ ಕಂಬಿಯ ಕಬ್ಬಿಣ ಎಷ್ಟು ಕಾಸಿ ಅದ್ದಿದರೂ ಇಷ್ಟು ಗಟ್ಟಿಯಾಗಲ್ಲ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿಟ್ಟಿದ್ದಾರೆ. ಕೆಂಪಗೆ ಕಾದ ಮಚ್ಚಿಗೆ ಅದು ಅಂಟುವುದು ನಿಂತರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ಅಂತ ಲೆಕ್ಕ. ಇನ್ನೊಂಚೂರು ಕಾಸಿ, ಬೆಚ್ಚಗಿನ ಎಣ್ಣೆಗೆ ಅದ್ದಿದರು. ನೀರಿಗೆ ಅದ್ದಿದರೆ ಈ ಉಕ್ಕು ಸೀಳು ಬಿಡಬಹುದು. ಹೊಗೆಗೆ ನನ್ನ ಕಣ್ಣೆಲ್ಲ ಉರಿ. ಅರ ಉಜ್ಜಿ ನೋಡಿದರು, ಗಾಜಿನ ಮೇಲಿನ ಹಾಗೆ ಜಾರಿತು. ಆಯ್ತಲ್ಲ ಅಂತ ನಾನು ಕೈ ಚಾಚಿದೆ.

"ತಡಿಯಪ್ಪ, ಈಗ ಕೈಜಾರಿ ಬಿದ್ರೂ ಒಡದೋಯ್ತದೆ!"

ಆಮೇಲಿನ ಕೆಲಸಕ್ಕೇ, ಅಂದರೆ ಹದ ಇಳಿಸೋದಕ್ಕೇ, ನಾನು ದುಡ್ಡು ಕೊಟ್ಟಿದ್ದು. ಮಚ್ಚನ್ನು ಉಜ್ಜಿ ಬೆಳ್ಳಗೆ ಮಾಡಿ, ಕಾದ ದಪ್ಪ ಕಬ್ಬಿಣದ ಮೇಲೆ ಅದರ ಬೆನ್ನು ಊರಿ ಕೂತರು. ಬಣ್ಣ ಬೆನ್ನಿಂದ ಬಾಯಿ ಕಡೆಗೆ ಮೆಲ್ಲಗೆ ಹರಿಯಿತು. ಬೆನ್ನು ನೀಲಿಯಾಗಿ, ಅಂದರೆ 300 ಡಿಗ್ರಿ ಹತ್ತಿರ ಬಂದು, ಬಾಯಿಯ ಒಣಹುಲ್ಲಿನ ಬಣ್ಣ ಕಂದಿಗೆ ತಿರುಗುತ್ತಿದ್ದಂತೆ ತಟ್ಟನೆ ನೀರಿಗೆ ಹಾಕಿದರು. ಅಷ್ಟೊತ್ತೂ ಒಂದು ಮಾತಿಲ್ಲ, ಬೀಡಿಯೂ ಇಲ್ಲ. ಹೀಗೆ ಮಾಡಿದರೆ ಬಾಯಿ ಗಟ್ಟಿ ಉಳಿಯುತ್ತದೆ, ಬೆನ್ನು ಪೆಟ್ಟು ತಡೆಯುತ್ತದೆ.

650 ರೂಪಾಯಿ ತಗೊಂಡರು. ಬೆಳಿಗ್ಗೆ ಒಂದು ಸಲ ಕಲ್ಲಿಗೆ ಮಸೆದರೆ ಸಂಜೆವರೆಗೆ ಚಿಂತೆಯಿಲ್ಲ. ಬಾಯಲ್ಲಿ ಇನ್ನೂ ಒಂದು ಹಲ್ಲೂ ಬಿದ್ದಿಲ್ಲ. ಹಿಡಿ ಮಾತ್ರ ತಿಂಗಳಿಗೇ ಸಡಿಲ ಆಯ್ತು, ನಾನೇ ಆಪು ಹೊಡೆದೆ. ಹೇಳಿದ ದಿನಕ್ಕೆ ಕೊಡಲ್ಲ, ಮೂರು ಸಲ ಅಲೆದೆ. ಫೋನ್ ಅಂತೂ ಎತ್ತುವುದೇ ಇಲ್ಲ.

ಇನ್ನೊಂದು, ಗ್ರೈಂಡರಿಗೆ ಹಿಡಿಸಬೇಡಿ. ಬಾಯಿ ಬಿಸಿಯಾಗಿ ನೀಲಿ ತಿರುಗಿದರೆ ಹದ ಹೋದಂತೆ. ಪಕ್ಕದ ಗಾಡಿಯವನು ಹಾಗೇ ಕೆಡಿಸಿಕೊಂಡು ಮತ್ತೆ ಕುಲುಮೆಗೆ ಹೋದ. ಆಚಾರ್ರು ಚೆನ್ನಾಗಿ ಬೈದು, ಸೋಮವಾರ ಬಾ ಅಂದರಂತೆ. ಯಾವ ಸೋಮವಾರ ಅಂತ ಇವನು ಕೇಳಿಕೊಂಡು ಬಂದಿಲ್ಲ.