ಗ್ಯಾಸ್ ಮಾತ್ರೆ ಕೊಡಲ್ಲ ಅಂದ ಮೆಡಿಕಲ್ ಶಾಪ್‌ಗೆ 4 ಸ್ಟಾರ್

ಗೋಣಿಕೊಪ್ಪದಲ್ಲಿ ಗೊಬ್ಬರದ ಅಂಗಡಿಗೆ ಅಂಟಿಕೊಂಡಿರುವ ಈ ಮೆಡಿಕಲ್ ಶಾಪ್ ನೋಡೋಕೆ ಏನೇನೂ ಚೆನ್ನಾಗಿಲ್ಲ. ಬೋರ್ಡಿನ ಬಣ್ಣ ಹೋಗಿದೆ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಡಿಸ್ಕೌಂಟ್ ಕೇಳಿದರೆ ನಗ್ತಾರೆ. ಆದರೂ ನಮ್ಮ ಮನೆಗೆ ಬೇಕಾದ ಔಷಧಿಯೆಲ್ಲಾ ಇಲ್ಲಿಂದಲೇ ಬರೋದು. ಕೌಂಟರಿನಲ್ಲಿ ಕೂರುವ ಅಕ್ಕ ಕೇಳಿದ್ದನ್ನೆಲ್ಲಾ ಸುಮ್ನೆ ಕೊಟ್ಟು ಕಳಿಸುವವರಲ್ಲ, ಅದಕ್ಕೆ.

ನಮ್ಮ ಕಡೆ ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಸಂತೆಗೆ ಬಂದವರು ಒಣಮೀನಿನ ಜೊತೆ ಒಂದು ಸ್ಟ್ರಿಪ್ ಗ್ಯಾಸ್ ಮಾತ್ರೆನೂ ಕಟ್ಟಿಸಿಕೊಂಡು ಹೋಗುತ್ತಾರೆ. ನಮ್ಮ ಮಾವನವರೂ ಹಾಗೇ. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಇಳಿಜಾರು ಹತ್ತಿ ಇಳಿದು ಅವರಿಗೆ ಮಂಡಿ ನೋವು. ಅದಕ್ಕೆ ದಿನಾ ನೋವಿನ ಮಾತ್ರೆ. ಆಮೇಲೆ ಹೊಟ್ಟೆ ಉರಿ, ಅದಕ್ಕೆ ಪ್ಯಾಂಟೊಪ್ರಜೋಲ್ ಅನ್ನೋ ಗ್ಯಾಸ್ ಮಾತ್ರೆ. ಮದುವೆ ಮನೆಯಲ್ಲಿ ತಿಂದ ಹಂದಿ ಸಾರಿನ ಮೇಲೆ ತಪ್ಪು ಹೊರಿಸಿ ಆರಾಮಾಗಿದ್ದರು.

ಗ್ಯಾಸ್ ಮಾತ್ರೆ ಮುಗಿದಿದೆ, ಇನ್ನೆರಡು ಸ್ಟ್ರಿಪ್ ಕೊಡಿ ಅಂತ ನಾನು ಹೋಗಿ ಕೇಳಿದೆ. ಅಕ್ಕ ಡಬ್ಬಿಗೆ ಕೈ ಹಾಕಲಿಲ್ಲ. "ಯಾರಿಗಮ್ಮ? ವಯಸ್ಸೆಷ್ಟು? ಎಷ್ಟು ದಿನದಿಂದ ತಗೊಳ್ತಿದ್ದಾರೆ?" ಅಂತ ಶುರು ಮಾಡಿದರು. ನನಗೆ ಅರ್ಧಕ್ಕೂ ಉತ್ತರ ಗೊತ್ತಿರಲಿಲ್ಲ. "ಫೋನ್ ಹಚ್ಚಿ ಕೊಡಿ" ಅಂದರು. ಮಾವನವರ ಜೊತೆ ನೇರವಾಗಿ ಮಾತಿಗಿಳಿದರು. ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಾ? ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ವಾಂತಿ ಇದೆಯಾ? ತೂಕ ಕಡಿಮೆ ಆಗಿದೆಯಾ ಅಂದಾಗ ಮಾವ ಇಲ್ಲ ಅಂದರು. ಅಕ್ಕ ಬಿಡಲಿಲ್ಲ: "ಬೆಲ್ಟ್ ಯಾವ ತೂತಿಗೆ ಬರ್ತಿದೆ ಸಾರ್?" ಅಲ್ಲಿ ಸಿಕ್ಕಿಬಿದ್ದರು. ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಿದ್ದರಂತೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ!

ಕೊನೆಗೆ ಮಲದ ಬಣ್ಣ ಕೇಳಿದರು. ಕಪ್ಪಗೆ, ಅಂಟಂಟಾಗಿ, ನೀರು ಹಾಕಿದರೂ ಸರಿಯಾಗಿ ಹೋಗಲ್ಲ, ವಾಸನೆನೂ ಬೇರೆ ತರ ಅಂದರು ಮಾವ. ಕಬ್ಬಿಣದ ಮಾತ್ರೆ ತಗೊಂಡರೂ ಕಪ್ಪಾಗುತ್ತೆ, ಹಾಗಾಗಿ ಅದನ್ನು ತಗೊಳ್ತಿಲ್ಲ ಅಂತಲೂ ಕೇಳಿ ಖಚಿತ ಮಾಡಿಕೊಂಡರು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಇದಕ್ಕೆ ನಾನು ಮಾತ್ರೆ ಕೊಡಲ್ಲ. ಹೊಟ್ಟೆಯೊಳಗೆ ರಕ್ತ ಹೋಗ್ತಿರಬಹುದು. ನೋವಿನ ಮಾತ್ರೆ ಈಗಲೇ ನಿಲ್ಲಿಸಿ, ಇವತ್ತೇ ಮಡಿಕೇರಿಗೆ ಹೋಗಿ" ಅಂದರು. ಮೇಲ್ಭಾಗದಲ್ಲಿ ರಕ್ತ ಸೋರಿದರೆ ಕರುಳಲ್ಲಿ ಇಳಿಯುವಷ್ಟರಲ್ಲಿ ಅದು ಟಾರಿನ ಹಾಗೆ ಕಪ್ಪಾಗಿರುತ್ತೆ, ಕೆಂಪಗೆ ಕಾಣಿಸುತ್ತೆ ಅಂತ ಕಾಯಬೇಡಿ ಅಂತಲೂ ಹೇಳಿದರು. ಬಿಲ್ ಸೊನ್ನೆ.

ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ತುಂಬಾ ಕಡಿಮೆ ಇತ್ತು. ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಅಲ್ಸರ್, ಅಂದರೆ ಒಳಗೆ ಹುಣ್ಣು, ಸಿಕ್ಕಿತು. ಮಾವ ಎಂಡೋಸ್ಕೋಪಿಗೆ ಸಿಕ್ಕಾಪಟ್ಟೆ ಹೆದರಿದ್ದರು, ಆದರೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಗಂಟಲಿಗೆ ಸ್ಪ್ರೇ ಹಾಕಿಸಿಕೊಂಡ ಮೇಲೆ ಕೆಲವೇ ನಿಮಿಷದ ಕೆಲಸ. ಹಲವು ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರಕ್ಕಿರುವ ರಕ್ಷಣೆಯನ್ನೇ ತೆಳು ಮಾಡುತ್ತವೆ. ಅದರ ಮೇಲೆ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಬೇರೆ ಇತ್ತು. (ಅಲ್ಸರ್‌ಗೆ ಟೆನ್ಶನ್ ಮತ್ತು ಖಾರ ಕಾರಣ ಅಂತ ಜಗತ್ತೇ ನಂಬಿದ್ದಾಗ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ನೋಡಿದರು. 2005ರಲ್ಲಿ ರಾಬಿನ್ ವಾರನ್ ಜೊತೆ ಅವರಿಗೆ ನೊಬೆಲ್ ಬಂತು. ನಮ್ಮತ್ತೆ ಮಾತ್ರ ಇನ್ನೂ ಹಸಿಮೆಣಸಿನಕಾಯಿಯನ್ನೇ ಬೈತಾರೆ.) ಮಾವನಿಗೆ 14 ದಿನದ ಆ್ಯಂಟಿಬಯಾಟಿಕ್ ಕೋರ್ಸ್ ಕೊಟ್ಟರು. ಈಗ ಬೆಲ್ಟ್ ಹಳೇ ತೂತಿಗೆ ಬಂದಿದೆ.

ಹಾಗಂತ ಅಕ್ಕ ಎಲ್ಲರನ್ನೂ ಆಸ್ಪತ್ರೆಗೆ ಓಡಿಸ್ತಾರೆ ಅಂತಲ್ಲ. ಹಬ್ಬದ ಊಟ ಜಾಸ್ತಿಯಾಗಿ ಹುಳಿ ತೇಗು ಬಂದವರಿಗೆ ಆ್ಯಂಟಾಸಿಡ್ ಕೊಟ್ಟು ಕಳಿಸ್ತಾರೆ. ಮಗುವಿಗೆ ಭೇದಿ ಅಂದರೆ ಓಆರ್‌ಎಸ್ ಪುಡಿ ಕೊಟ್ಟು, ಒಂದು ಲೀಟರಿನ ಪ್ಯಾಕೆಟ್ಟನ್ನು ಲೋಟದಲ್ಲಿ ಕಲಸಬೇಡಿ, ಪೂರ್ತಿ ಲೀಟರ್ ನೀರಿಗೆ ಹಾಕಿ ಅಂತ ಬಾಟಲಿ ತೋರಿಸಿ ಹೇಳ್ತಾರೆ. ಮಗು ಉಚ್ಚೆ ಮಾಡಿಲ್ಲ, ಮಂಕಾಗಿದೆ, ಮಲದಲ್ಲಿ ರಕ್ತ ಇದೆ ಅಂದರೆ ಮಾತ್ರ ಧ್ವನಿ ಬದಲಾಗುತ್ತೆ. ಇನ್ನೊಂದು ಸಲ ನಾನಿದ್ದಾಗಲೇ ಒಬ್ಬರು ಬೆವರುತ್ತಾ ಬಂದು, ಎದೆ ಹಿಡಿದಿದೆ, ಗ್ಯಾಸು, ಸೋಡಾ ಪುಡಿ ಕೊಡಿ ಅಂದರು. ದವಡೆ, ಎಡಗೈವರೆಗೂ ನೋವು ಅಂತ ಕೇಳಿದ್ದೇ ತಡ, ಹಾರ್ಟ್ ಅಟ್ಯಾಕ್ ಇರಬಹುದು ಅಂತ ಅಕ್ಕ ಅವರನ್ನು ಸ್ಟೂಲ್ ಮೇಲೆ ಕೂರಿಸಿ 108ಕ್ಕೆ ಫೋನ್ ಮಾಡಿದರು.

ಒಂದು ಸ್ಟಾರ್ ಯಾಕೆ ಕಟ್ ಅಂದರೆ, ಈ ಪ್ರಶ್ನೆಗಳೆಲ್ಲಾ ನಡೆಯೋದು ಬೀದಿಗೆ ಕೇಳುವಷ್ಟು ಜೋರಾಗಿ. ನಮ್ಮ ಮಾವನ ಮಲದ ಬಣ್ಣ ಗೊಬ್ಬರದ ಅಂಗಡಿಯವರಿಗೂ ಗೊತ್ತು. ಮೂಲೆಯಲ್ಲಿ ಒಂದು ಪರದೆ ಕಟ್ಟಿದರೂ ಸಾಕಿತ್ತು. ಹೆಂಗಸರು, ಅದರಲ್ಲೂ ಹುಡುಗಿಯರು, ಅಲ್ಲಿ ಬಾಯಿ ಬಿಡೋದು ಕಷ್ಟ ಅಲ್ವಾ?

ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತೆ. ದೂರದ ಹಳ್ಳಿಯವರು ಚೀಟಿಯ ಫೋಟೋ ಕಳಿಸಿದರೆ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಲಿ ಔಷಧಿ ಕಳಿಸ್ತಾರೆ. ಇನ್ಸುಲಿನ್ ಫ್ರಿಜ್‌ಗೆ ಇನ್ವರ್ಟರ್ ಇದೆ. ಆದರೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಫೋನ್‌ಪೇ ನಡೆಯಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗಿ.