ಮೂರು ಮಳೆಗಾಲ ಕಂಡ ಕುಸ್ತಿ ಹೆಡ್‌ಗೇರ್: 5ಕ್ಕೆ 3.5

ಕಿವಿ ಕಾಯಲು ತಲೆಗೆ ಕಟ್ಟುವ ಈ ಹೆಡ್‌ಗೇರ್ ಕೊಂಡಿದ್ದು ಎಡಗಿವಿ ಹೋದ ಮೇಲೆ. ಎದುರಾಳಿಯ ಪಕ್ಕೆಗೆ ತಲೆ ತಿಕ್ಕಿ ತಿಕ್ಕಿ ಒಂದು ಸಂಜೆ ಕಿವಿಯ ಮೇಲ್ಭಾಗ ಊದಿಕೊಂಡಿತು. ಮುಟ್ಟಿದರೆ ನೀರು ತುಂಬಿದ ಬಲೂನ್ ಥರ ಮೆತ್ತಗೆ. "ಕಿವಿ ಮುರಿದರೇ ಪೈಲ್ವಾನ" ಎಂದು ಗರಡಿಯಲ್ಲಿ ಬೆನ್ನು ತಟ್ಟಿದರು. ನಾನೂ ಹಿಗ್ಗಿ ಹತ್ತು ದಿನ ಸುಮ್ನಿದ್ದೆ. ಆಮೇಲೆ ಇಎನ್‌ಟಿ ಡಾಕ್ಟರ್ ಬಿಡಿಸಿ ಹೇಳಿದರು. ಕಿವಿಯ ಮೆದುಮೂಳೆಗೆ ಸ್ವಂತ ರಕ್ತನಾಳ ಇಲ್ಲ, ಮೇಲಿನ ತೆಳು ಪೊರೆಯೇ ಅದನ್ನು ಸಾಕುವುದು. ನಡುವೆ ರಕ್ತ ನಿಂತರೆ ಪೊರೆ ಬಿಟ್ಟುಕೊಳ್ಳುತ್ತದೆ, ಆ ಜಾಗ ಗಂಟು ಕಟ್ಟುತ್ತದೆ. ಊದಿದ ಒಂದೆರಡು ದಿನದಲ್ಲೇ ಹೋಗಿದ್ದರೆ ರಕ್ತ ತೆಗೆದು, ಮತ್ತೆ ತುಂಬದ ಹಾಗೆ ಒತ್ತಿ ಕಟ್ಟುತ್ತಿದ್ದರು. ಈಗ ಆ ಕಿವಿಯಲ್ಲಿ ಇಯರ್‌ಬಡ್ ಕೂರುವುದಿಲ್ಲ.

ಸರಿ, ಹೆಡ್‌ಗೇರ್. ಆನ್‌ಲೈನ್‌ನಲ್ಲಿ 1,150 ರೂಪಾಯಿ. ಕಿವಿ ಮುಚ್ಚುವ ಎರಡು ಗಟ್ಟಿ ಬಟ್ಟಲು, ಒಳಗೆ ಸ್ಪಂಜು, ನಾಲ್ಕು ಪಟ್ಟಿ. ಮೊದಲ ವಾರ ಕೋಚ್ ಕೂಗಿದ್ದೇ ಕೇಳುತ್ತಿರಲಿಲ್ಲ, ಆಮೇಲೆ ಅಭ್ಯಾಸವಾಯಿತು. ಹಿಂದಿನ ಪಟ್ಟಿ ಬಿಗಿ ಇರಬೇಕು. ಸಡಿಲ ಬಿಟ್ಟರೆ ಬಟ್ಟಲಿನ ಅಂಚೇ ಕಿವಿಯನ್ನು ಉಜ್ಜುತ್ತದೆ.

ನಿಜವಾದ ಪರೀಕ್ಷೆ ಜೂನ್‌ನಲ್ಲಿ. ಮಲೆನಾಡಿನ ಮಳೆಗೆ ಸ್ಪಂಜು ಒಣಗುವ ಮಾತೇ ಇಲ್ಲ. ಬೆವರು ಹಾಗೇ ಉಳಿದು ಮುಗ್ಗಲು ವಾಸನೆ. ತೀರ್ಥಹಳ್ಳಿಯ ಅಜ್ಜಿಮನೆಗೆ ಹೋದಾಗ ಬಚ್ಚಲ ಒಲೆಯ ಮೇಲೆ ನೇತುಹಾಕಿದೆ. ಒಣಗಿತು, ಆದರೆ ಹೊಗೆ ವಾಸನೆ ತಿಂಗಳು ಪೂರ್ತಿ ಹೋಗಲಿಲ್ಲ. "ಹಂಡೆ ಒಲೆಯಿಂದ ಎದ್ದು ಬಂದ್ಯಾ?" ಎಂದು ಜೊತೆಗಾರ ಪಟ್ಟು ಬಿಟ್ಟು ನಕ್ಕ. ಈಗ ಫ್ಯಾನ್ ಕೆಳಗೇ ಒಣಗಿಸುತ್ತೇನೆ.

ಪಟ್ಟಿ ಅಂಟಿಸುವ ವೆಲ್ಕ್ರೋ ಮಾತ್ರ ದಂಡ. ಗರಡಿಯ ಕೆಮ್ಮಣ್ಣು ಹೊಕ್ಕರೆ ಮುಗೀತು, ಹಲ್ಲುಜ್ಜುವ ಬ್ರಷ್ ಹಾಕಿ ಕೀಳಬೇಕು. ಎರಡನೇ ಮಳೆಗಾಲದಲ್ಲಿ ಗಲ್ಲದ ಪಟ್ಟಿ ಕೈಗೇ ಬಂತು. ಕಂಪನಿಗೆ ಫೋನ್ ಮಾಡಿದರೆ, ವಾರಂಟಿ ಆರೇ ತಿಂಗಳಂತೆ. ಗಾಂಧಿ ಬಜಾರ್ ಹತ್ತಿರ ಚಪ್ಪಲಿ ಹೊಲಿಯುವವರು 60 ರೂಪಾಯಿಗೆ ಬಕಲ್ ಹಾಕಿಕೊಟ್ಟರು. ಅದು ಇನ್ನೂ ಗಟ್ಟಿಯಾಗಿದೆ.

ಇನ್ನೊಂದು. ಇದು ಪ್ರಾಕ್ಟೀಸ್‌ಗೆ ಮಾತ್ರ. ಮ್ಯಾಟ್ ಕುಸ್ತಿಯ ಅಂತಾರಾಷ್ಟ್ರೀಯ ನಿಯಮದಲ್ಲಿ ಲೋಹ, ಗಟ್ಟಿ ಚಿಪ್ಪು ಇರುವ ಕಿವಿಗಾಪು ನಡೆಯುವುದಿಲ್ಲ, ಮೆತ್ತನೆಯದೇ ಬೇಕು. ಮಾರಿಕಾಂಬಾ ಜಾತ್ರೆಯ ಮಣ್ಣಿನ ಅಖಾಡಕ್ಕೆ ಹಾಕಿಕೊಂಡು ಇಳಿದರೆ ಜನ ಸಿಳ್ಳೆ ಹೊಡೆದಾರು. ಆದರೆ ಕಿವಿ ತಿಕ್ಕುವುದು ದಿನಾ ನಡೆಯುವ ಪ್ರಾಕ್ಟೀಸ್‌ನಲ್ಲೇ ಜಾಸ್ತಿ, ಅಲ್ವಾ?

ಬಲಗಿವಿ ಒಮ್ಮೆಯೂ ಊದಿಲ್ಲ. ಅಕ್ಕನ ಮಗ ಈ ವರ್ಷ ಗರಡಿಗೆ ಸೇರಿದ್ದಾನೆ. ಅವನಿಗೆ ವೆಲ್ಕ್ರೋ ಬಿಟ್ಟು ಬಕಲ್ ಇರುವುದನ್ನೇ ಹುಡುಕುತ್ತಿದ್ದೇನೆ.